ಲಿಪೋವೊದಲ್ಲಿ ಅಪ್ಪ ಊದಿದ ಸೀಟಿ

ಸೂರ್ಯಕಾಂತಿ ಹೊಲದ ಅಂಚು,
ಲಿಪೋವೊ ದಾಟಿ ಸ್ವಲ್ಪ ದೂರ
ಜೂನ್ ೧೯, ಬುಧವಾರ ಬೆಳಿಗ್ಗೆ

ನನ್ನ ಮುಂಗೋಪದ ಮುದ್ದು ಅಮ್ಮಾ,

ಮೊದಲು ಕೂತುಕೋ. ಒಲೆಯ ಮೇಲೆ ಏನಾದರೂ ಇದ್ದರೆ ಆರಿಸಿ ಬಾ. ಕನ್ನಡಕ ಹಾಕಿಕೋ, ಅಂದಾಜಿನಲ್ಲಿ ಓದಬೇಡ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಬಹುದಿತ್ತು. ಆದರೆ ನಾನು ಹೇಳಬೇಕಾದ್ದನ್ನು ಅರ್ಧ ಹೇಳುವಷ್ಟರಲ್ಲಿ ನೀನು ರಿಸೀವರ್ ಕುಕ್ಕಿಬಿಡುತ್ತೀಯ. ಕಾಗದವನ್ನು ಕುಕ್ಕಲು ಬರುವುದಿಲ್ಲ. ಹರಿಯಬಹುದು, ನಿಜ. ಆದರೆ ಹರಿದ ಮೇಲೂ ಕುತೂಹಲ ತಡೆಯದೆ ಚೂರುಗಳನ್ನು ಜೋಡಿಸಿ ಓದುವವಳು ನೀನು.

ನಾವೆಲ್ಲ ಚೆನ್ನಾಗಿದ್ದೇವೆ. ಬೊರಿಲ್‌ನ ಕಿವಿನೋವು ಬೆಟ್ಟ ಇಳಿಯುತ್ತಿದ್ದಂತೆ ವಾಸಿಯಾಯಿತು. ಯೋವಾನಾ ಬಿಸಿಲಿಗೆ ಕಪ್ಪಾಗಿ, ಮೂಗಿನ ಸಿಪ್ಪೆ ಸುಲಿದು, ಹಕ್ಕಿಮರಿಯ ಹಾಗೆ ಕಾಣುತ್ತಾಳೆ. ನಿನ್ನ ಅಳಿಯ ಕಾಲೋಯಾನ್ ಎಂದಿನಂತೆ ಪ್ರತಿ ಏರಿನಲ್ಲೂ ಜೀಪಿಗೆ ಮುದ್ದಿನ ಮಾತು ಹೇಳುತ್ತಾನೆ, ಪ್ರತಿ ಇಳಿಜಾರಿನಲ್ಲೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ. ನಮ್ಮ ವಿದಿನ್ ಬಿಟ್ಟಾಗಿನಿಂದ ಜೀಪಿನ ಹಿಂದೆ ಎಳೆದುಕೊಂಡು ಬಂದ ಕಾರವಾನ್ ಒಳಗೆ ಮಲಗಿ ಮಲಗಿ ನನಗೀಗ ನಿಜವಾದ ಮಂಚದ ಮೇಲೆ ನಿದ್ದೆ ಬಂದೀತೋ ಇಲ್ಲವೋ ಎಂಬ ಅನುಮಾನ. ಒಬ್ಬರು ಮಗ್ಗುಲಾದರೆ ಉಳಿದ ನಾಲ್ವರಿಗೂ ಎಚ್ಚರ.

ಹೌದಮ್ಮಾ, ನಾಲ್ವರು. ಎಣಿಸಿದೆ ಅಲ್ಲವೇ? ಒಟ್ಟು ಐದು ಜನ ನಾವು. ಐದನೆಯವನು ಅಪ್ಪ.

ಕಾಗದ ಮಡಿಸಬೇಡ! ದಯವಿಟ್ಟು. ನಿನ್ನೆದುರು ಅವನ ಹೆಸರೆತ್ತಬಾರದು ಎಂದು ನೀನು ಮನೆ ಬಿಟ್ಟು ಬಾಲ್ಚಿಕ್‌ಗೆ ಹೋದ ದಿನ ಆಣೆ ಹಾಕಿಸಿದ್ದು ನನಗೆ ಮರೆತಿಲ್ಲ. ಇಷ್ಟು ವರ್ಷ ಪಾಲಿಸಿದ್ದೇನೆ. ಈ ಕಾಗದದಲ್ಲೂ ರಂಗೆಲ್ ಅನ್ನುವ ಹೆಸರು ಇದೊಂದು ಸಲ ಬಿಟ್ಟು ಮತ್ತೆ ಬರುವುದಿಲ್ಲ, ಬರೀ ಅಪ್ಪ ಅನ್ನುತ್ತೇನೆ. ಪ್ಲೊವ್ದಿವ್ ಹತ್ತಿರ ಬಂದಾಗ ಮಕ್ಕಳು ತಾತನನ್ನು ನೋಡಬೇಕು ಎಂದರು. ನೋಡಲು ಹೋದೆವು. ಅವನ ಅಡುಗೆಮನೆಯಲ್ಲಿ ಒಂದು ಟೊಮ್ಯಾಟೊ, ಒಂದು ಚೂರು ಚೀಸು, ಅರ್ಧ ಬ್ರೆಡ್ಡು. ಬೊರಿಲ್ ಅವನ ಕಾಲು ತಬ್ಬಿ ನೀನೂ ಬಾ ಅಂದ. ಅವನು ಬರುವುದಿಲ್ಲ ಅನ್ನುತ್ತಲೇ ಚೀಲ ತುಂಬಿದ. ಕಾಲೋಯಾನ್ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ. ಅಷ್ಟೇ ನಡೆದದ್ದು.

ಈಗ ನಿನ್ನೆಯ ಸಂಗತಿ ಹೇಳುತ್ತೇನೆ. ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಉಳಿದವರೆಲ್ಲ ಇನ್ನೂ ಮಲಗಿದ್ದಾರೆ, ನಾನು ಹೊರಗೆ ಮಡಚುವ ಮೇಜು ಹಾಕಿಕೊಂಡು ಕೂತಿದ್ದೇನೆ.

ನಿನ್ನೆ ಬೆಳಿಗ್ಗೆ ಲಿಪೋವೊ ಊರಿನ ಸೇತುವೆ ಹತ್ತಿರ ಕಾರವಾನ್‌ನ ಬಲಗಡೆ ಚಕ್ರ ಕಿರ್ರೋ ಎಂದು ಚೀರಿತು. ಆಮೇಲೆ ಸುಟ್ಟ ವಾಸನೆ. ಕಾಲೋಯಾನ್ ಇಳಿದು ನೋಡಿ ತಲೆಗೆ ಕೈ ಹೊತ್ತ. ಬೇರಿಂಗ್ ಪುಡಿಪುಡಿ. ಊರಿಗೆಲ್ಲ ಇರುವುದು ಒಬ್ಬನೇ ಮೆಕ್ಯಾನಿಕ್, ಗ್ರೋಜ್ಡಾನ್ ಎಂದು. ಬಾಗಿಲ ಚೌಕಟ್ಟು ತುಂಬುವಂಥ ಆಳು, ಕತ್ತು ಅನ್ನುವುದೇ ಇಲ್ಲ, ತಲೆ ಸೀದಾ ಭುಜದ ಮೇಲೆ ಇಟ್ಟ ಹಾಗಿದೆ. ನಮ್ಮನ್ನು ಅಂಗಳಕ್ಕೆ ಎಳೆಸಿಕೊಂಡು ಹೋಗಿ, ಚಕ್ರ ಕಳಚಿ ಗೋಡೆಗೊರಗಿಸಿ, ಕೈ ಒರೆಸಿಕೊಂಡ.

"ಹಳೇ ಟ್ರೈಲರ್‌ದೊಂದು ಬೇರಿಂಗ್ ಐತೆ, ಕೂರುತ್ತೆ. ಆದ್ರೆ ಇವತ್ತಾಗಲ್ಲ. ಮಧ್ಯಾಹ್ನದ ಮೇಲೆ ಮ್ಯಾಚಿದೆ."

"ನಾವು ಮುಂದೆ ಹೋಗಬೇಕಿತ್ತಲ್ಲ ಅಣ್ಣಾ. ಮ್ಯಾಚ್ ಏನಾಯ್ತು ಅಂತ ನಾಳೆ ರೇಡಿಯೋದಲ್ಲಿ ಕೇಳಿದ್ರಾಯ್ತು" ಎಂದ ಕಾಲೋಯಾನ್.

ಗ್ರೋಜ್ಡಾನ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೋಡೋಕೆ ಹೋಗ್ತಿಲ್ಲಯ್ಯಾ. ಆಡೋಕೆ ಹೋಗ್ತಿದೀನಿ. ನಾನೇ ಕ್ಯಾಪ್ಟನ್ನು."

ಅಲ್ಲಿಗೆ ಆ ಮಾತು ಮುಗಿಯಿತು. ಇಡೀ ದಿನ ನಮಗೆ ಲಿಪೋವೊ ಗತಿ. ನನಗಂತೂ ಒಳಗೊಳಗೇ ಖುಷಿ! ಬೀದಿ ತುಂಬ ಲಿಂಡನ್ ಮರಗಳು ಹೂಬಿಟ್ಟು ನಿಂತಿದ್ದವು. ಹೆಂಗಸರು ಏಣಿ ಹತ್ತಿ ಚಳಿಗಾಲದ ಚಹಾಕ್ಕೆ ಹೂ ಕೊಯ್ಯುತ್ತ, ಒಂದು ಮರದಿಂದ ಇನ್ನೊಂದು ಮರಕ್ಕೆ ಚಾಡಿ ದಾಟಿಸುತ್ತಿದ್ದರು. ಬೇಕರಿಯಲ್ಲಿ ಚೀಸು ತುಂಬಿದ ಬಿಸಿ ಬಾನಿತ್ಸಾ ತಿಂದು, ತಣ್ಣನೆ ಐರಾನ್ ಮಜ್ಜಿಗೆ ಕುಡಿದು, ಮಕ್ಕಳನ್ನು ಚೌಕದ ಕಾರಂಜಿಗೆ ಬಿಟ್ಟೆವು. ಊರಿನ ಬಾಯಲ್ಲೆಲ್ಲ ಒಂದೇ ಮಾತು. ನೆರೆಯ ಕಾಮೆನ್ ಊರಿನ ಮೇಲೆ ಪಂದ್ಯ. ಗೆದ್ದವರು ಮೇಲಿನ ಗುಂಪಿಗೆ ಏರುತ್ತಾರೆ. ಲಿಪೋವೊ ಅಷ್ಟು ಮೇಲೆ ಹೋದದ್ದು ಅಜ್ಜಂದಿರ ಕಾಲದಲ್ಲಂತೆ. ಕ್ಷೌರಿಕನ ಅಂಗಡಿಯಲ್ಲಿ ಗಂಡಸರು ಸಾಲುಗಟ್ಟಿ ಕೂತು ತಲೆಗೆ ಹಸಿರು ಬಣ್ಣ ಬಳಿಸಿಕೊಳ್ಳುತ್ತಿದ್ದರು, ಪಾದ್ರಿಯ ತಮ್ಮನೂ ಸೇರಿ!

ಅಪ್ಪ ಬೆಂಚಿನ ಮೇಲೆ ಕೂತು ಏನೂ ಕೇಳಿಸದವನ ಹಾಗೆ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ.

ಊಟದ ಹೊತ್ತಿಗೆ ಗುಲ್ಲೆದ್ದಿತು. ಪಂದ್ಯಕ್ಕೆ ಬರಬೇಕಾದ ರೆಫರಿ ದಾರಿಯಲ್ಲಿ ತಿಂದದ್ದೇನೋ ಹೊಟ್ಟೆಗಾಗದೆ ಆಸ್ಪತ್ರೆ ಸೇರಿದ್ದಾನೆ. ಗೆರೆ ಕಾಯಲು ಬಂದಿದ್ದ ಇಬ್ಬರೂ ಮೀಸೆ ಚಿಗುರದ ಹುಡುಗರು, ನೀವೇ ಸೀಟಿ ಹಿಡಿಯಿರಿ ಎಂದರೆ ಅತ್ತೇಬಿಡುವಂತಿದ್ದರು. ಕಾಮೆನ್‌ನವರು ಬಸ್ಸಿನಿಂದ ಇಳಿದವರು ಮತ್ತೆ ಬಸ್ಸು ಹತ್ತುತ್ತೇವೆ ಎಂದು ಕೂತರು. ಮೇಯರ್ ಸ್ತೆಫ್ಕಾ ಎಂಬ ದಪ್ಪಗಿನ, ಚುರುಕಿನ ಹೆಂಗಸು ಕಾರಂಜಿಯ ಕಟ್ಟೆ ಹತ್ತಿ ನಿಂತು ಎರಡೂ ಕೈ ಎತ್ತಿ ಕೂಗಿದಳು, "ಈ ಊರಲ್ಲಿ ಫುಟ್‌ಬಾಲ್ ಕಾನೂನು ಗೊತ್ತಿರೋ, ಯಾರ ಕಡೆಗೂ ಸೇರದ ಒಬ್ಬ ಮನುಷ್ಯ ಇಲ್ವೇನ್ರಪ್ಪಾ?"

ಕಾರಂಜಿಯಲ್ಲಿ ಸೊಂಟದವರೆಗೆ ನೆನೆದು ನಿಂತಿದ್ದ ನಿನ್ನ ಮೊಮ್ಮಗಳು ಊರಿಗೆಲ್ಲ ಕೇಳುವ ಹಾಗೆ ಅಂದಳು, "ನಮ್ಮ ತಾತ ರೆಫರಿ! ನಮ್ಮ ತಾತ ಯಾರ ಕಡೆಗೂ ಸೇರಲ್ಲ! ಅಜ್ಜಿನೂ ಹಾಗೇ ಅಂತಾರೆ!"

ಅಮ್ಮಾ, ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬಾಳಿದ ಮನುಷ್ಯ ಎಂದು ನೀನು ಅಂದದ್ದು, ನಾನು ಮದುವೆಯಾದದ್ದು ಗಂಡನನ್ನ, ರೆಫರಿಯನ್ನಲ್ಲ ಎಂದದ್ದು, ಎಲ್ಲ ಆ ಮಗುವಿನ ಕಿವಿಗೆ ಯಾವಾಗ ಬಿತ್ತೋ! ಅಪ್ಪ ಬೀಜ ಸುಲಿಯುವುದನ್ನು ನಿಲ್ಲಿಸಿದ. ಮುಖ ಕೆಂಪಾಯಿತು. ಆದರೆ ಅಷ್ಟರಲ್ಲಿ ಊರಿಗೆ ಊರೇ ಅವನ ಸುತ್ತ ನಿಂತಿತ್ತು.

ಕಾಮೆನ್‌ನ ತರಬೇತುದಾರ ಅನುಮಾನದಿಂದ ಕೇಳಿದ, "ಯಾವೂರಜ್ಜಾ ನಿಂದು?"

"ಪ್ಲೊವ್ದಿವ್."

"ಇಲ್ಲಿ ನೆಂಟರು, ಇಷ್ಟರು?"

"ಯಾರೂ ಇಲ್ಲ. ಈ ಊರಲ್ಲಿ ನಂದು ಅಂತ ಇರೋದು ಒಂದು ಚಕ್ರ. ಅದು ಲಿಪೋವೊ ಕ್ಯಾಪ್ಟನ್ ಅಂಗಳದಲ್ಲಿದೆ. ಅದನ್ನ ಮೊದಲೇ ಹೇಳಿಬಿಡ್ತೀನಿ. ಬೇಡ ಅಂದ್ರೆ ಬೇಡ."

ತರಬೇತುದಾರ ಬಿದ್ದು ಬಿದ್ದು ನಕ್ಕ. ಇಂಥದ್ದನ್ನು ತಾನಾಗೇ ಹೇಳುವವನು ಮೋಸ ಮಾಡಲಾರ, ಆಗಲಿ ಎಂದ. ಗ್ರೋಜ್ಡಾನ್ ಕೂಡ ಅಪ್ಪನ ಬೆನ್ನು ತಟ್ಟಿ, "ಚಕ್ರ ನೆನಪಿರಲಿ ತಾತಾ" ಎಂದು ಕಣ್ಣು ಮಿಟುಕಿಸಿದ. ಎಲ್ಲ ನಕ್ಕರು. ಅಪ್ಪ ನಗಲಿಲ್ಲ.

ಅವನನ್ನು ಸಿಂಗರಿಸಿದ್ದನ್ನು ನೀನು ನೋಡಬೇಕಿತ್ತು! ಕಾಲೋಯಾನ್‌ನ ಕಪ್ಪು ಈಜುಚಡ್ಡಿ, ಮೇಯರಮ್ಮನ ಗಂಡನ ಕಪ್ಪು ಅಂಗಿ, ಬೇಕರಿಯವನ ಬೂಟು, ಟ್ರಾಫಿಕ್ ಪೊಲೀಸನ ಸೀಟಿ. ಹಳದಿ ಕಾರ್ಡಿಗೆ ಯೋವಾನಾಳ ಬಣ್ಣದ ಕಾಗದ ಕತ್ತರಿಸಿದೆವು. ಆಟದಿಂದ ಹೊರಗಟ್ಟುವ ಕೆಂಪು ಕಾರ್ಡಿಗೆ ಕೆಂಪು ಕಾಗದ ಮುಗಿದಿತ್ತು. ಅಪ್ಪ ಕಾರವಾನ್‌ನ ಕಪಾಟಿನಿಂದ ಮೆಣಸಿನಕಾಯಿ ಗೊಜ್ಜಿನ ಬಾಟಲಿಯ ಕೆಂಪು ಮುಚ್ಚಳ ತೆಗೆದು, ತೊಳೆದು, ಜೇಬಿಗಿಟ್ಟುಕೊಂಡ. "ಬೇಕಾಗಲ್ಲ ಬಿಡಿ ಮಾವ" ಎಂದ ಕಾಲೋಯಾನ್, ಗೋಡೆಗೊರಗಿದ ಚಕ್ರದ ಕಡೆ ನೋಡುತ್ತ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕನ್ನಡಿಯಲ್ಲಿ ಒಂದು ಗಳಿಗೆ ತನ್ನನ್ನೇ ನೋಡಿಕೊಂಡ. ಬೆನ್ನು ನೆಟ್ಟಗಾಯಿತು. ಅವನು ರೆಫರಿ ಕೆಲಸ ಬಿಟ್ಟಾಗಿನಿಂದ ನಾನು ಆ ಬೆನ್ನು ನೋಡಿರಲಿಲ್ಲ.

ಮೈದಾನ ಅಂದರೆ ಧೂಳು, ನಡುನಡುವೆ ಹುಲ್ಲು. ಒಂದು ಬದಿಗೆ ಹಲಗೆಯ ಮೆಟ್ಟಿಲು, ಇನ್ನೊಂದು ಬದಿಗೆ ಮನೆಗಳ ಬೇಲಿ. ಬೇಲಿಯ ಮೇಲೂ ಜನ, ಮರದ ಮೇಲೂ ಜನ. ಗ್ರೋಜ್ಡಾನ್‌ನ ತಾಯಿ, ಎಲ್ಲರೂ ತ್ಸೋನಾ ಅಜ್ಜಿ ಅನ್ನುವ ಮುದುಕಿ, ಗೋಲಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೊಡೆ ಬಿಚ್ಚಿ ಕೂತಿದ್ದಳು. ನಾನು ಮೊದಲು ಅಪ್ಪನ ಮಂಡಿಗಳನ್ನೇ ನೋಡುತ್ತಿದ್ದೆ, ಈಗ ಬಿದ್ದ, ಇನ್ನೇನು ಬಿದ್ದ ಎಂದು. ಅವನು ಬೀಳಲಿಲ್ಲ. ಚೆಂಡಿನ ಹಿಂದೆ ಓಡುತ್ತಿರಲಿಲ್ಲ, ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ! ಆಮೇಲಾಮೇಲೆ ನಾನು ಮಂಡಿ ಮರೆತು ಕುಣಿಯತೊಡಗಿದೆ. ನನಗೆ ಫುಟ್‌ಬಾಲ್ ಎಂದರೆ ಆಗದು ಎಂಬುದು ನಿನಗೆ ಗೊತ್ತಲ್ಲ? ಗಂಟಲು ಕಟ್ಟಿದೆ ಇವತ್ತು.

ಲಿಪೋವೊ ಒಂದು ಗೋಲು ಹೊಡೆಯಿತು. ಹಲಗೆಗಳು ಮುರಿಯುವ ಹಾಗೆ ಜನ ಜಿಗಿದರು. ಅದೇ ಗೋಲಿನ ಮೇಲೆ ಆಟ ಕೊನೆಯವರೆಗೂ ಬಂತು. ಇನ್ನೇನು ಮುಗಿಯಬೇಕು, ಕಾಮೆನ್‌ನವನೊಬ್ಬ ಚೆಂಡನ್ನು ಲಿಪೋವೊ ಗೋಲ್‌ಕೀಪರನ ತಲೆಯ ಮೇಲೆ ಎತ್ತಿ ಹಾಕಿದ. ಚೆಂಡು ಅವನನ್ನು ದಾಟಿಹೋಯಿತು. ಗೆರೆಯ ಮೇಲೆ ಗ್ರೋಜ್ಡಾನ್ ಒಬ್ಬನೇ. ಧೂಳೆದ್ದಿತ್ತು, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಚೆಂಡು ಅವನ ಮೈಗೆ ಬಡಿದು ಹೊರಗೆ ಹಾರಿತು. ಊರು ಹೋ ಎಂದಿತು.

ಆಗ ಸೀಟಿ.

ಅಪ್ಪ ಗೋಲಿನ ಮುಂದಿನ ಸುಣ್ಣದ ಚುಕ್ಕೆಗೆ ಕೈ ತೋರಿಸಿದ. ಪೆನಾಲ್ಟಿ. ಆಮೇಲೆ ಜೇಬಿಗೆ ಕೈ ಹಾಕಿದ.

ನನ್ನ ಪಕ್ಕದಲ್ಲಿದ್ದ ಕಾಲೋಯಾನ್ ಕಣ್ಣು ಮುಚ್ಚಿಕೊಂಡು ಗೊಣಗಿದ, "ಹಳದಿ ಮಾವ, ಹಳದಿ ಸಾಕಪ್ಪಾ, ನಿನ್ನ ದಮ್ಮಯ್ಯ, ನಮ್ಮ ಚಕ್ರ..."

ಮೆಣಸಿನಕಾಯಿ ಗೊಜ್ಜಿನ ಮುಚ್ಚಳ ಬಿಸಿಲಿಗೆ ಹೊಳೆಯಿತು.

ಮುಂದೆ ನಡೆದದ್ದನ್ನು ಹೇಗೆ ಬರೆಯಲಿ! ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿದರು. ಕಳ್ಳ, ಕುರುಡ, ಕಾಮೆನ್‌ನ ಎಂಜಲು ತಿಂದವನು, ಬಾಯಿಗೆ ಬಂದದ್ದೆಲ್ಲ ಅಂದರು. ಗ್ರೋಜ್ಡಾನ್ ಅಪ್ಪನ ಮೂಗಿಗೆ ಮೂಗು ತಗಲುವ ಹಾಗೆ ಬಾಗಿ ನಿಂತ. "ಎದೆಗೆ ಬಡೀತು! ಎದೆಗೆ! ಕೇಳು ಯಾರನ್ನ ಬೇಕಾದ್ರೂ!" ಅಪ್ಪ ಅವನ ಹೊಟ್ಟೆಯೆತ್ತರಕ್ಕೂ ಬರುವುದಿಲ್ಲ ಅನ್ನಿಸುತ್ತಿತ್ತು. ನಾನು ಬೊರಿಲ್‌ನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಜನರನ್ನು ತಳ್ಳುತ್ತ ಒಳಗೆ ನುಗ್ಗಿದೆ. ಹತ್ತಿರ ಬಂದಾಗ ಅಪ್ಪನ ದನಿ ಕೇಳಿತು, ಸಣ್ಣ ದನಿ, ಅದೇ ಹಳೆಯ ದನಿ.

"ಕೈಗೆ ಬಡೀತು ಮಗಾ. ಎಡಗೈಗೆ. ನೀನು ನಡಿ."

ಗುಂಪಿನಲ್ಲಿ ಯಾವನೋ ಅರಚಿದ, "ಇಂಥವನ ಜೊತೆ ಯಾವ ಹೆಂಡ್ತಿ ಬಾಳ್ತಾಳಯ್ಯಾ!"

ಇದನ್ನು ಹೇಳುವುದಕ್ಕಾಗಿಯೇ ಅಮ್ಮಾ ನಾನು ಈ ಕಾಗದ ಬರೆಯುತ್ತಿರುವುದು. ಅಪ್ಪ ತಿರುಗಿದ. ಅಷ್ಟು ಜನರಲ್ಲಿ ಅಂದವನು ಯಾರೆಂದು ಹುಡುಕಿ, ಅವನ ಮುಖ ನೋಡಿ, ಕಡ್ಡಿ ಮುರಿದ ಹಾಗೆ ಅಂದ,

"ಬಾಳಲಿಲ್ಲ. ಅವಳದ್ದೇ ಸರಿ."

ಬೈಯಲು ಬಾಯಿ ತೆರೆದವರು ತೆರೆದ ಹಾಗೇ ನಿಂತರು. ಅರಚಿದವನು ತಲೆಯ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. ಯಾರೋ ಕಿಸಕ್ಕನೆ ನಕ್ಕರು. ಆ ಸಂದಿಯಲ್ಲಿ ಮೇಯರ್ ಸ್ತೆಫ್ಕಾ ನುಗ್ಗಿ, ದನ ಅಟ್ಟುವ ಹಾಗೆ ಎಲ್ಲರನ್ನೂ ಬೇಲಿಯಾಚೆ ಅಟ್ಟಿದಳು. ಗ್ರೋಜ್ಡಾನ್ ಅಂಗಿ ಕಿತ್ತು ನೆಲಕ್ಕೆಸೆದು, ಹಿಂದಿರುಗಿ ನೋಡದೆ ಮೈದಾನದಾಚೆ ಹೊರಟುಹೋದ.

ಕಾಮೆನ್‌ನವರು ಪೆನಾಲ್ಟಿ ಹೊಡೆದರು. ಗೋಲು. ಸಮ ಸಮ. ಹೆಚ್ಚಿನ ಆಟ ಆಡಬೇಕಾಯಿತು. ಲಿಪೋವೊಗೆ ಒಬ್ಬ ಕಡಿಮೆ, ಅಪ್ಪನಿಗೆ ಒಂದು ಮಂಡಿ ಕಡಿಮೆ. ಬಲಗಾಲು ಎಳೆಯುತ್ತ ಓಡುತ್ತಿದ್ದ. ನಾನು ಬದಿಯಿಂದ ಕೂಗಿದೆ, "ಅಪ್ಪಾ ಸಾಕು, ಬಿಟ್ಟು ಬಾ!" ಅವನು ನನ್ನ ಕಡೆ ಕೈಯೆತ್ತಿ, ಆಟಗಾರರಿಗೆ ತೋರಿಸುವ ಹಾಗೆ, ಗೆರೆ ದಾಟಬೇಡ ಎಂದು ಸನ್ನೆ ಮಾಡಿದ! ನನಗೇ! ಯೋವಾನಾ ಚಪ್ಪಾಳೆ ತಟ್ಟಿದಳು.

ಹೆಚ್ಚಿನ ಆಟದಲ್ಲೂ ಯಾರೂ ಗೆಲ್ಲಲಿಲ್ಲ. ಸರದಿಯ ಪೆನಾಲ್ಟಿಗಳಿಗೆ ಬಂತು. ಲಿಪೋವೊದ ಗೋಲ್‌ಕೀಪರ್ ಕಡ್ಡಿ ಹುಡುಗ, ಅವನ ಕೈಗವಸು ಅವನಿಗಿಂತ ದೊಡ್ಡದು. ಅವನು ಕೊನೆಯ ಚೆಂಡನ್ನು ಹಿಡಿದನೋ, ಚೆಂಡೇ ಅವನನ್ನು ಹಿಡಿಯಿತೋ, ಎರಡೂ ಉರುಳಿ ಗೋಲಿನ ಹೊರಗೆ ಬಿದ್ದವು. ಲಿಪೋವೊ ಗೆದ್ದಿತು!

ಅಮ್ಮಾ, ಮೊದಲು ಚರ್ಚಿನ ಗಂಟೆ ಹೊಡೆಯಿತು. ಆಮೇಲೆ ಬೆಂಕಿ ಆರಿಸುವ ಗಾಡಿ ತಾನಾಗಿ ಬಂದು ಎಲ್ಲರ ಮೇಲೂ ನೀರು ಹಾರಿಸಿತು. ಹಸಿರು ಬಣ್ಣ ಕರಗಿ ಗಂಡಸರ ಕತ್ತಿನ ಮೇಲೆ ಇಳಿಯಿತು. ನನಗೆ ಯಾರು ಯಾರು ಮುತ್ತಿಟ್ಟರೋ ಲೆಕ್ಕವಿಲ್ಲ, ಪಾದ್ರಿಯ ತಮ್ಮ ಎರಡು ಸಲ. ಸ್ವಲ್ಪ ಮುಂಚೆ ಕಳ್ಳ ಎಂದವರೇ ಅಪ್ಪನನ್ನು ಹೆಗಲ ಮೇಲೆ ಎತ್ತಲು ಬಂದರು. ಅವನು ಕಾಲಿನಿಂದ ಒದ್ದುಕೊಂಡು ಕೆಳಗಿಳಿದ.

"ಸೋತಿದ್ರೆ ಎತ್ತುತ್ತಿದ್ರಾ?" ಎಂದ.

"ಎತ್ತಿ ಹೊಳೆಗೆ ಎಸೀತಿದ್ವಿ ತಾತಾ!" ಎಂದರು. ಆಗ ಅಪ್ಪನೂ ನಕ್ಕ.

ಅಷ್ಟಾದರೂ ಚಕ್ರ ಗೋಡೆಗೊರಗಿದೆಯಲ್ಲ? ಕಾಲೋಯಾನ್ ಮತ್ತು ನಾನು ಹುಲಿಯ ಬಾಯಿಗೆ ಕೈ ಹಾಕಲು ಹೊರಟವರ ಹಾಗೆ ಗ್ರೋಜ್ಡಾನ್‌ನ ಅಂಗಳಕ್ಕೆ ಹೋದೆವು. ದಾರಿಯುದ್ದಕ್ಕೂ ಅವನಿಗೆ ಏನು ಹೇಳಬೇಕು ಎಂದು ಮಾತು ಹೊಂದಿಸಿಕೊಂಡೆವು. ನಾನು ಅಳಬೇಕು, ಕಾಲೋಯಾನ್ ಅಪ್ಪನಿಗೆ ಕಣ್ಣು ಮಂಜು ಅನ್ನಬೇಕು ಎಂದೂ ಒಪ್ಪಂದವಾಯಿತು.

ಅಂಗಳದಲ್ಲಿ ನಮ್ಮ ಕಾರವಾನ್ ತನ್ನ ಎರಡೂ ಚಕ್ರದ ಮೇಲೆ ನಿಂತಿತ್ತು. ಗ್ರೋಜ್ಡಾನ್ ಬರಿಮೈಯಲ್ಲಿ, ಆಟದ ಚಡ್ಡಿ ಬೂಟಿನಲ್ಲೇ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಕೊನೆಯ ಬೋಲ್ಟು ಬಿಗಿಯುತ್ತಿದ್ದ. ನಮ್ಮನ್ನು ಕಂಡು ಸ್ಪ್ಯಾನರ್ ಕೆಳಗಿಟ್ಟ.

"ಏನ್ ನೋಡ್ತೀರಾ? ಆಚೆ ಅಟ್ಟಿದ ಮೇಲೆ ನಂಗೇನು ಕೆಲಸ ಇತ್ತು? ಆ ಮುದುಕ ಇನ್ನೊಂದು ಗಳಿಗೆ ನಮ್ಮೂರಲ್ಲಿ ಇರಬಾರದು ಅಂತ ಮಾಡಿದೆ."

"ನೀವು ಗೆದ್ರಿ" ಎಂದೆ ನಾನು. ಅಳುವುದು ಮರೆತೇಹೋಗಿತ್ತು.

"ಗಂಟೆ ಕೇಳಿಸ್ತು." ಅಷ್ಟು ದೊಡ್ಡ ಆಳು ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ. "ಇಪ್ಪತ್ತು ವರ್ಷ ಈ ದಿನಕ್ಕೆ ಕಾದಿದ್ದು. ಗೆದ್ದಾಗ ನಾನು ಗಾಡಿ ಕೆಳಗೆ."

ಅಷ್ಟರಲ್ಲಿ ಅಪ್ಪ ಕುಂಟುತ್ತ ಒಳಗೆ ಬಂದ, ಹಿಂದೆಯೇ ತ್ಸೋನಾ ಅಜ್ಜಿ, ಕೊಡೆ ಮಡಚಿಕೊಂಡು. ಅಜ್ಜಿ ಸೀದಾ ಮಗನ ಮುಂದೆ ನಿಂತಳು. "ಕೈ ತಗಲಿತೋ ಇಲ್ವೋ?"

"ಅಮ್ಮಾ, ಜನ ಇದ್ದಾರೆ."

"ಜನ ಇರೋದಕ್ಕೇ ಕೇಳ್ತಿರೋದು. ಊರೆಲ್ಲ ಎದೆ ಅಂತಿದೆ. ನಾ ಪಕ್ಕದಲ್ಲೇ ಕೂತಿದ್ದೆ, ನಂಗೆ ಕಾಣಲಿಲ್ಲ. ಹೇಳು."

ಅವನು ತನ್ನ ಎಡಗೈ ನೋಡಿಕೊಂಡ. "ತಗಲಿತು" ಎಂದ. ಅಜ್ಜಿ ಕೊಡೆಯಿಂದ ಅವನ ತಲೆಗೊಂದು ಬಿಟ್ಟಳು, ಆಮೇಲೆ ಅದೇ ತಲೆ ಹಿಡಿದು ಮುತ್ತಿಟ್ಟಳು. ಅಪ್ಪ ಕೈ ನೀಡಿದ. ಗ್ರೋಜ್ಡಾನ್ ಗ್ರೀಸಿನ ಕೈ ತೋರಿಸಿ ಹಿಂದೆಗೆದ. ಅಪ್ಪ ಬಿಡಲಿಲ್ಲ, ಆ ಕೈಯನ್ನೇ ಹಿಡಿದುಕೊಂಡ. ಮೇಯರಮ್ಮನ ಗಂಡನ ಅಂಗಿ ಹಾಳಾಯಿತು.

ಸಂಜೆಯ ಊಟ ಚೌಕದಲ್ಲಿ, ಊರಿಗೆ ಊರೇ ಉದ್ದನೆಯ ಮೇಜುಗಳಿಗೆ ಕೂತು. ಗ್ರೋಜ್ಡಾನ್‌ನನ್ನು ಹುಡುಗರು ಎಳೆತಂದರು. ಸುಟ್ಟ ಮಾಂಸ, ಹುರಿದ ಮೆಣಸಿನಕಾಯಿ, ಕಲ್ಲಂಗಡಿ, ಎಲ್ಲರಿಗಿಂತ ಮೊದಲು ಅಪ್ಪನ ತಟ್ಟೆಗೆ. ಅವನು ಕಾಲನ್ನು ಉಪ್ಪುನೀರಿನ ಬಾನಿಯಲ್ಲಿಟ್ಟು ರಾಜನ ಹಾಗೆ ಕೂತಿದ್ದ. ಬಿಸಿಲಿನ್ನೂ ಪೂರ್ತಿ ಇಳಿದಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಕೇಳಿದೆ, "ಅಪ್ಪಾ, ಮೈದಾನದಲ್ಲಿ ಯಾಕೆ ಹಾಗಂದೆ?"

ಅವನು ಕಲ್ಲಂಗಡಿಯ ಬೀಜ ಒಂದೊಂದೇ ತಟ್ಟೆಯ ಅಂಚಿಗೆ ಸರಿಸುತ್ತಿದ್ದ.

"ಆ ಹಬ್ಬದ ಊಟ ನೆನಪಿದೆಯಾ ರಾಲಿ? ನಮ್ಮಮ್ಮ, ನಿನ್ನಜ್ಜಿ, ನೆಂಟರ ಮುಂದೆ ನಿನ್ನಮ್ಮನ ಮೇಲೆ ಬೆಳ್ಳಿ ಚಮಚದ ಕಳವು ಹೊರಿಸಿದ್ದು?"

ನೆನಪಿಲ್ಲದೆ ಇರುತ್ತದೆಯೇ. ನೀನು ಎದ್ದು ನಿಂತದ್ದು, ಅಪ್ಪ ಎರಡೂ ಕಡೆ ಕೇಳೋಣ ಎಂದದ್ದು, ನೀನು ಮೇಜಿನ ಬಟ್ಟೆ ಸರಿಮಾಡಿ ಒಳಗೆ ಹೋದದ್ದು.

"ಆ ಚಮಚಗಳನ್ನ ನಿನ್ನಜ್ಜಿನೇ ಗಂಟು ಕಟ್ಟಿ ತನ್ನ ತಂಗಿಗೆ ಕೊಟ್ಟಿದ್ದಳು. ನಾನು ನೋಡಿದ್ದೆ. ಇವತ್ತು ಅವನ ಕೈ ನೋಡಿದ ಹಾಗೇ ಕಣ್ಣಾರೆ ನೋಡಿದ್ದೆ. ಅವತ್ತು ಊದಲಿಲ್ಲ."

ಕೋಪ ಬಂತು ಅಮ್ಮಾ, ಸುಳ್ಳು ಹೇಳಲಾರೆ. ಬಾನಿಯ ನೀರನ್ನು ಅವನ ತಲೆಗೆ ಸುರಿಯಬೇಕು ಅನ್ನಿಸಿತು. "ಇದನ್ನ ಅಮ್ಮನಿಗೆ ಯಾವತ್ತಾದರೂ ಹೇಳಿದೀಯಾ?" ಎಂದೆ. "ಏನಂತ ಹೇಳಲಿ? ಅವಳು ಬಾಗಿಲು ಹಾಕ್ಕೊಂಡಳು" ಎಂದ. "ಬಾಗಿಲು ಹಾಕಿದ್ರೆ ತಟ್ಟಬೇಕು" ಎಂದೆ ನಾನು. ಗ್ರೋಜ್ಡಾನ್ ಅಲ್ಲೇ ಎದುರಿಗೆ ಕೂತಿದ್ದವನು ಬಾಯಿತುಂಬ ಮಾಂಸ ಇಟ್ಟುಕೊಂಡು, "ತಟ್ಟಬೇಕು ತಾತಾ" ಎಂದ. ಕರೆಯದೆ ಬರುವ ಪಂಚಾಯ್ತಿ ಅಂದರೆ ಇದೇ!

ಊರು ಬಿಡುವಾಗ ಮಕ್ಕಳು ಸೇತುವೆಯವರೆಗೆ ಹಿಂದೆ ಓಡಿಬಂದರು. ಇಲ್ಲಿ ಹೊಲದ ಬದಿಗೆ ನಿಲ್ಲಿಸಿ ಮಲಗಿದೆವು. ಅಪ್ಪ ಈಗಷ್ಟೇ ಎದ್ದ, ಮಂಡಿ ಕುಂಬಳಕಾಯಿಯಷ್ಟಾಗಿದೆ, ಆದರೂ ಏನೋ ಗುನುಗುತ್ತ ಕಾಫಿ ಕಾಯಿಸುತ್ತಿದ್ದಾನೆ. ನಾನು ಏನು ಬರೆಯುತ್ತಿದ್ದೇನೆ ಎಂದು ಕೇಳಿದ. ಸಾಮಾನಿನ ಪಟ್ಟಿ ಎಂದೆ.

ಅವನನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಅದು ನನ್ನ ಕೆಲಸವಲ್ಲ. ನೆಂಟರೆಲ್ಲರ ಮುಂದೆ ನಿನಗಾದದ್ದು ತಪ್ಪು ಎಂದು ಅವನು ಅಪರಿಚಿತರ ಊರಿನ ನಡುವೆ ನಿಂತು ಹೇಳಿದ. ಅದು ನಿನ್ನ ಕಿವಿಗೆ ತಲುಪದೆ ಲಿಪೋವೊದ ಧೂಳಿನಲ್ಲೇ ಉಳಿದುಹೋಗಬಾರದು ಅನ್ನಿಸಿತು. ಅಷ್ಟೇ.

ನಿನ್ನ ಸೆರಗಿಗೆ ಈಗಲೂ ಅಂಟಿಕೊಂಡಿರುವ,
ರಾಲಿತ್ಸಾ

ಮರೆತ ಮಾತು (ಬಾಲ್ಚಿಕ್ ಸೇರಿದ ಮೇಲೆ ಬರೆದದ್ದು): ಅಷ್ಟೇ ಎಂದು ಬರೆದದ್ದು ಸುಳ್ಳಮ್ಮಾ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಯೋವಾನಾ ನಿನ್ನ ಬಾಗಿಲಿಗೆ ತಂದು ಕೊಟ್ಟಿರುತ್ತಾಳೆ, ನೀನು ಓದುತ್ತಿರುವಾಗ ಅವಳು ಎದುರಿಗೇ ನಿಂತಿರುತ್ತಾಳೆ, ಅವಳಿಗೆ ಕುಡಿಯಲು ಏನಾದರೂ ಕೊಡು. ಕಾರವಾನ್ ನಿನ್ನ ಬೀದಿಯ ಕೆಳತುದಿಯಲ್ಲಿ, ಸಮುದ್ರದ ಕಡೆಗೆ ನಿಂತಿದೆ. ನೀನು ಒಪ್ಪಿದ್ದೀಯ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೇನೆ, ಇಲ್ಲದಿದ್ದರೆ ಅವನು ಬರುತ್ತಿರಲಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಗಡ್ಡ ಬೋಳಿಸಿಕೊಂಡಿದ್ದಾನೆ. ಬೇಡ ಅಂದರೆ ಸಂಜೆ ಪ್ಲೊವ್ದಿವ್ ಬಸ್ಸಿದೆ, ನಾನೇ ಹತ್ತಿಸಿ ಬರುತ್ತೇನೆ, ನಿನ್ನ ಮೇಲೆ ಒಂದಿಷ್ಟೂ ಮುನಿಸಿಕೊಳ್ಳುವುದಿಲ್ಲ. ಮೇಜಿಗೆ ಐದು ತಟ್ಟೆಯೋ ಆರೋ, ಅದೊಂದನ್ನು ಯೋವಾನಾಳ ಕೈಯಲ್ಲಿ ಹೇಳಿ ಕಳಿಸು.